ಕಚೇರಿಗೊಂದು ಮನೆ

ನಮ್ಮ ತೆಲಿಗಿಯ ಕಡೆಯ ರೈತನಿಗೆ ಜಿಲ್ಲಾ ಕಚೇರಿ ಎಂಬುದು ಒಂದೆಡೆ ನೆಲೆನಿಂತ ವಸ್ತುವಲ್ಲ. ಮದರಾಸಿಗೆ ಸೇರಿದ್ದ ಬಳ್ಳಾರಿ ಸೀಮೆಯೊಡನೆ ಹರಪನಹಳ್ಳಿ ತಾಲ್ಲೂಕು 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂದಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಮರಳಿ ಬಳ್ಳಾರಿಗೆ ಸೇರಿತು. 2021ರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಯ ಪಾಲಾಯಿತು. ಹೊಲ ಇದ್ದಲ್ಲೇ ಇದೆ, ಕಚೇರಿ ಮಾತ್ರ ಊರೂರು ಸುತ್ತುತ್ತಿದೆ. ಇಂಥ ಸೀಮೆಯಲ್ಲಿ ಹುಟ್ಟಿದವನಾದ್ದರಿಂದಲೋ ಏನೋ, ಯಾವ ಊರಿಗೆ ಹೋದರೂ ಅಲ್ಲಿಯ ಗುಡಿಗಿಂತ ಮೊದಲು ಕಚೇರಿಯ ಕಟ್ಟಡವನ್ನು ನೋಡುವ ಚಾಳಿ ನನಗೆ ಅಂಟಿಕೊಂಡಿದೆ. ಕಟ್ಟಿದವರು ಮೊದಲು ಯಾವುದನ್ನು ನೆನೆದರು, ಯಾವುದನ್ನು ಮರೆತರು ಎಂಬುದನ್ನು ಗೋಡೆಗಳೇ ಹೇಳಿಬಿಡುತ್ತವೆ.

ಕುಂಪಣಿ ಸರ್ಕಾರದ ಕಾಲದಲ್ಲಿ ನಮ್ಮ ಸೀಮೆಯ ಮೊದಲ ಕಚೇರಿಗೆ ಗೋಡೆಯೇ ಇರಲಿಲ್ಲ. 1800ರಲ್ಲಿ ನಿಜಾಮನು ಬಿಟ್ಟುಕೊಟ್ಟ ಪ್ರಾಂತಗಳಿಗೆ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಬಹುಕಾಲವನ್ನು ಗುಡಾರದಲ್ಲೇ ಕಳೆದನು. ಜನ ತನ್ನ ಬಳಿಗೆ ಬರುವುದಕ್ಕಿಂತ ತಾನೇ ಜನರ ಬಳಿಗೆ ಹೋಗುವುದು ಕಂದಾಯದ ಕೆಲಸಕ್ಕೆ ಒಳ್ಳೆಯದೆಂದು ಅವನು ಕಂಡುಕೊಂಡಿದ್ದನು. ಆದರೆ ಹೊಲಹೊಲವನ್ನೂ ಅಳೆದು ರೈತನ ಹೆಸರಿಗೆ ಬರೆದ ಮೇಲೆ ಕಾಗದ ಬೆಳೆಯತೊಡಗಿತು. ಗುಡಾರ ಸಾಹೇಬನನ್ನು ಹಿಡಿಸಬಲ್ಲುದು, ಲೆಕ್ಕದ ಕಟ್ಟುಗಳನ್ನು ಹಿಡಿಸಲಾರದು. ಕಚೇರಿಗೆ ಮನೆ ಬೇಕಾದದ್ದು ಅಧಿಕಾರಿಗಿಂತ ಹೆಚ್ಚಾಗಿ ಕಡತಕ್ಕೆ.

ಕಡತವೆಂದರೆ ಈಗ ನಾವು ಫೈಲು ಎನ್ನುತ್ತೇವೆ. ಹಿಂದೆ ಅದು ನಿಜಕ್ಕೂ ಬಟ್ಟೆ. ಹುಣಸೆಬೀಜದ ಸರಿಗೆ ಇದ್ದಿಲಪುಡಿ ಕಲಸಿ, ಬಟ್ಟೆಗೆ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾಗಿತ್ತು. ಈ ಸೌಕರ್ಯ ಕೆಲವು ಶಾನುಭೋಗರಿಗೆ ಬಹಳ ಹಿಡಿಸಿದ್ದೀತು! ಆಮೇಲೆ ಕಾಗದ ಬಂದಿತು, ಕಾಗದಕ್ಕೆ ರುಮಾಲು ಬಂದಿತು, ರುಮಾಲಿಗೆ ಬೀರು ಬಂದಿತು. ಕಚೇರಿಯನ್ನು ಹೊಸದಾಗಿ ಸಜ್ಜುಗೊಳಿಸುವವರು ಇಂದಿಗೂ ಮೇಜು ಕುರ್ಚಿಗಳನ್ನು ಎಣಿಸುತ್ತಾರೆ. ರುಮಾಲುಗಳನ್ನು ಎಣಿಸುವವರು ಕಡಮೆ. ಗೃಹಪ್ರವೇಶವಾಗಿ ವರ್ಷ ತುಂಬುವುದರೊಳಗೆ ಮೆಟ್ಟಿಲ ಕೆಳಗೆ, ಮೊಗಸಾಲೆಯಲ್ಲಿ, ಕಡೆಗೆ ನೀರಿನ ಕೊಳಾಯಿಯ ಪಕ್ಕದಲ್ಲಿ ಕಟ್ಟುಗಳು ಬಂದು ಕೂರುತ್ತವೆ. ಗೆದ್ದಲಿಗೆ ಇದಕ್ಕಿಂತ ದೊಡ್ಡ ಔತಣವಿಲ್ಲ. ಅಲ್ಲಿ ಕರಗುವುದು ಯಾವನೋ ಬಡವನ ಮೂರೆಕರೆಯ ಸಾಕ್ಷಿ.

ಇನ್ನೊಬ್ಬರಿಗಾಗಿ ಕಟ್ಟಿದ ಮನೆಯಲ್ಲಿ ಕಚೇರಿ ಹೂಡುವುದೂ ಹಳೆಯ ರೂಢಿಯೇ. ಬೆಂಗಳೂರು ಕೋಟೆಯ ಅರಮನೆಯನ್ನು 1781ರಲ್ಲಿ ಹೈದರಾಲಿ ಆರಂಭಿಸಿ, 1791ರಲ್ಲಿ ಟಿಪ್ಪು ಮುಗಿಸಿದನು. ಮೈಸೂರು ಕಮಿಷನರ ಆಳ್ವಿಕೆಗೆ ಬಂದ 1831ರಿಂದ ಸರ್ಕಾರದ ಇಲಾಖೆಗಳು ಅಲ್ಲಿ ಬೀಡುಬಿಟ್ಟವು. ತೇಗದ ಕಂಬಗಳ ತೆರೆದ ಮೊಗಸಾಲೆ ದರ್ಬಾರಿಗೆ ಒಪ್ಪುವಂಥದು. ಅಲ್ಲಿ ಗುಮಾಸ್ತನು ಕಾಗದ ಹರಡಿ ಕುಳಿತರೆ ಗಾಳಿ ಹಾರಿಸಿಕೊಂಡು ಹೋಗುತ್ತದೆ. ಮೂಲೆಯ ಕೋಣೆಗೆ ಸರಿದರೆ ಬೆಳಕಿಲ್ಲ. ಹಾಗಿದ್ದೂ ಮೂವತ್ತೇಳು ವರ್ಷ ಅಲ್ಲಿಯೇ ಏಗಿದರು. ಇಕ್ಕಟ್ಟು ಮಿತಿಮೀರಿದ ಮೇಲೆ ರಿಚರ್ಡ್ ಸ್ಯಾಂಕಿಯ ಮೇಲ್ವಿಚಾರಣೆಯಲ್ಲಿ, ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ಗುತ್ತಿಗೆಯಲ್ಲಿ ಹೊಸ ಕಟ್ಟಡವೆದ್ದಿತು. 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿದ ಅದೇ ಕೆಂಪು ಬಣ್ಣದ ಅಠಾರಾ ಕಚೇರಿ.

ಹದಿನೆಂಟೆಂಬ ಈ ಲೆಕ್ಕ ಇಂಗ್ಲಿಷರದಲ್ಲ. 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಚಾವಡಿಗಳಾಗಿ ಹಂಚಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ನಿರೂಪದ ಚಾವಡಿ, ಆಯಕಟ್ಟಿನ ಚಾವಡಿ, ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ. ಅರಮನೆಯ ದನಗಳಿಗೊಂದು ಬೆಣ್ಣೆ ಚಾವಡಿ ಕೂಡ. ಯಾರ ಕೆಲಸ ಏನು ಎಂಬುದನ್ನು ಮೊದಲು ಗೊತ್ತುಮಾಡಿ ಆಮೇಲೆ ಚಾವಡಿ ಹಾಕಿದ ಈ ಕ್ರಮ ನನಗೆ ಇಂದಿನ ಎಷ್ಟೋ ನಕ್ಷೆಗಳಿಗಿಂತ ಜಾಣತನದ್ದಾಗಿ ಕಾಣುತ್ತದೆ. ಈಗ ಮೊದಲು ಮುಂಭಾಗದ ಚಿತ್ರ ಬರೆಯುತ್ತಾರೆ. ಒಳಗೆ ಯಾರು ಕೂರಬೇಕೆಂಬ ಜಗಳ ಆಮೇಲೆ.

ಬೆಳಗಾವಿಯ ಸುವರ್ಣ ವಿಧಾನಸೌಧ ಅದಕ್ಕೊಂದು ನಿದರ್ಶನ. 2012ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಅಧಿವೇಶನದ ಕೆಲವು ದಿನ ಕಳೆದ ಮೇಲೆ ಅಷ್ಟು ದೊಡ್ಡ ಸೌಧಕ್ಕೆ ಯಾವ ಇಲಾಖೆಗಳನ್ನು ತರಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಬೆಂಗಳೂರಿನಲ್ಲಿ ಆದದ್ದು ಇದಕ್ಕೆ ವಿರುದ್ಧ. ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲಿಟ್ಟಾಗ ಮೈಸೂರು ಚಿಕ್ಕ ರಾಜ್ಯ. ಕೆಂಗಲ್ ಹನುಮಂತಯ್ಯನವರು ಮೊದಲಿನ ನಕ್ಷೆಯನ್ನು ಹಿಗ್ಗಿಸಿದಾಗ ಖರ್ಚಿನ ವಿಷಯವಾಗಿ ದೊಡ್ಡ ಗುಲ್ಲೆದ್ದಿತು. ಆದರೆ ಕಟ್ಟಡ ಮುಗಿದ 1956ರಲ್ಲಿಯೇ ರಾಜ್ಯವೂ ಹಿಗ್ಗಿತು. ಹುಬ್ಬಳ್ಳಿ, ಕಲಬುರ್ಗಿ, ಮಂಗಳೂರಿನ ಕಡತಗಳೆಲ್ಲ ಒಂದೇ ಸೂರಿಗೆ ಬಂದವು. ಆಡಂಬರವೆಂದು ಹಳಿದ ಜಾಗವೂ ಸಾಲದೆ, 2005ರಲ್ಲಿ ಪಕ್ಕದಲ್ಲೇ ವಿಕಾಸಸೌಧ ತಲೆಯೆತ್ತಿತು. ಎದುರಿನ ಅಠಾರಾ ಕಚೇರಿ ಅಷ್ಟರೊಳಗೆ ಉಚ್ಚ ನ್ಯಾಯಾಲಯವಾಗಿತ್ತು. 1980ರ ದಶಕದಲ್ಲಿ ಅದನ್ನೇ ಕೆಡವಬೇಕೆಂಬ ಮಾತು ಬಂದು, ಪುಣ್ಯವಶಾತ್ ಜನರ ಆಕ್ಷೇಪದಿಂದ ಉಳಿಯಿತು. ಬೇಕಾದ ಜಾಗವನ್ನು ಹಿಂಬದಿಯಲ್ಲಿ ಬೆಳೆಸಿಕೊಂಡರು. ಹಳೆಯದನ್ನು ಕೆಡವುವ ಮುನ್ನ ಹಿತ್ತಲನ್ನೊಮ್ಮೆ ನೋಡುವುದು ಎಷ್ಟು ಅಗ್ಗದ ಉಪಾಯ!

ಈಗ ನಮ್ಮ ಹೊಸ ಜಿಲ್ಲೆಯ ಸರದಿ. ಹೊಸಪೇಟೆಯಲ್ಲಿ ಜಿಲ್ಲಾ ಕಚೇರಿಗಳಿಗೆ ಆರಿಸಿದ್ದು ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯ ಆವರಣವನ್ನು. ಅಣೆಕಟ್ಟುಗಳಿಗೆ ಗೇಟುಗಳನ್ನು ಮಾಡಿಕೊಡುತ್ತಿದ್ದ ಆ ಕಾರ್ಖಾನೆಯನ್ನು ಮುಚ್ಚಲು ಕೇಂದ್ರ ಸರ್ಕಾರ 2015ರಲ್ಲಿ ತೀರ್ಮಾನಿಸಿತು. 2024ರ ಆಗಸ್ಟಿನಲ್ಲಿ ಪಕ್ಕದ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಕೊಂಡು ಹೋದಾಗ ಆ ಕಾರ್ಖಾನೆಯನ್ನು ನೆನೆಸಿಕೊಂಡವನು ನಾನೊಬ್ಬನೇ ಅಲ್ಲ.

ಅಲ್ಲಿಯ ಸಜ್ಜಿಕೆಯ ಬಗ್ಗೆ ನನ್ನ ಅಹವಾಲು ಚಿಕ್ಕದು. ಹರಿಹರದಿಂದ ಕೊಟ್ಟೂರಿನ ಮೇಲೆ ಹೊಸಪೇಟೆಗೆ ಹೋಗುವ ರೈಲುದಾರಿ ತೆಲಿಗಿಯನ್ನು ಮುಟ್ಟಿಯೇ ಹೋಗುತ್ತದೆ. ಆ ದಾರಿಯಲ್ಲಿ ಬರುವವನು ಬುತ್ತಿ ಕಟ್ಟಿಕೊಂಡು ಬರುತ್ತಾನೆ, ಪಹಣಿಯ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ಬರುತ್ತಾನೆ. ಅವನ ಕೆಲಸ ಒಂದೇ ದಿನಕ್ಕೆ ಆಗುವುದಿಲ್ಲವೆಂಬುದು ಅವನಿಗೂ ಗೊತ್ತು. ನಕ್ಷೆಯಲ್ಲಿ ಅವನಿಗೊಂದು ನೆರಳಿನ ಜಗಲಿಯನ್ನೂ, ಕುಡಿಯುವ ನೀರನ್ನೂ, ಹೆಂಗಸರಿಗೆ ಬೇರೆಯಾದ ಶೌಚದ ಮನೆಯನ್ನೂ ಗುರುತಿಸಿದ ಮೇಲೆ ಸಾಹೇಬರ ಕೋಣೆಯ ಗೆರೆ ಎಳೆಯಲಿ.