ಊರು ತೊಳೆದ ಮೆರವಣಿಗೆ

ಹಬ್ಬ ಬಂದರೆ ಮನೆಗೆ ಸುಣ್ಣ ಬಳಿಯುತ್ತೇವೆ, ಅಂಗಳ ಸಾರಿಸುತ್ತೇವೆ. ಬೀದಿಯ ಚರಂಡಿ ಮಾತ್ರ ಬೇರೆ ಯಾರದೋ ಕೆಲಸ. ಹಾಗಲ್ಲವೆಂದು ತೋರಿಸಿಕೊಟ್ಟ ಒಂದು ಪ್ರಸಂಗ ಕೇಳಿ.

1917ರ ಸುಮಾರು. ಹೋಳ್ಕರರ ಇಂದೂರಿನಲ್ಲಿ ಪ್ಲೇಗು. ಇಲಿ ಬಿದ್ದರೆ ಜನ ಮನೆ ಬಿಟ್ಟು ಹೊರಡುತ್ತಿದ್ದ ಕಾಲ. ನಗರಕ್ಕೆ ಯೋಜನೆ ಬರೆಯಲು ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಬಂದಿದ್ದರು. ಇಕ್ಕಟ್ಟಾದ ಓಣಿಗಳನ್ನು ಕೆಡವಿ ನೇರ ರಸ್ತೆ ಎಳೆಯುವುದು ಅಂದಿನ ರೂಢಿ. ಗೆಡ್ಡಿಸರು ಮೊದಲು ಓಣಿ ಓಣಿ ನಡೆದು ನೋಡಿದರು. ತೀರ ಹಾಳಾದ ಮನೆಗಳನ್ನಷ್ಟೇ ತೆಗೆದು, ಉಳಿದವರನ್ನು ಇದ್ದಲ್ಲೇ ಇರಗೊಡಬೇಕೆಂಬುದು ಅವರ ವಾದ.

ಆದರೆ ಹೊರಗಿನವರ ಮಾತು ಕೇಳುವವರಾರು? ಅವರು ಒಂದು ದಿನದ ಮಟ್ಟಿಗೆ ಮಹಾರಾಜರ ಅಧಿಕಾರ ಪಡೆದು ಡಂಗುರ ಸಾರಿಸಿದರು: ದೀಪಾವಳಿಯ ಮೆರವಣಿಗೆ ಹಳೆಯ ದಾರಿಯಲ್ಲಿ ಹೋಗದು, ಎಲ್ಲಿ ಮನೆಗಳು ಹೆಚ್ಚು ಚೊಕ್ಕಟವೋ ಅಲ್ಲೇ ಸಾಗುವುದು. ಕೇರಿ ಕೇರಿಗೆ ಪೈಪೋಟಿ ಹುಟ್ಟಿತು. ಕಸ ಗಾಡಿಗಟ್ಟಲೆ ಹೊರಬಿತ್ತು.

ಮೆರವಣಿಗೆಯಲ್ಲಿ ಪ್ಲೇಗಿನ ಇಲಿಯ ದೊಡ್ಡ ಬೊಂಬೆ ಬಂತು. ಕೊನೆಗೆ ಅದನ್ನು ಸುಟ್ಟರು. ಬಿಳಿ ಬಟ್ಟೆ ತೊಟ್ಟು, ಹಾರ ಹಾಕಿಕೊಂಡು ಬೀದಿ ಗುಡಿಸುವವರೂ ನಡೆದರು. ನಿತ್ಯ ಅವರಿಂದ ದೂರ ಸರಿಯುತ್ತಿದ್ದ ಊರು ಅಂದು ಅವರನ್ನು ನೋಡಲು ಬದಿಗೆ ನಿಂತಿತು.

1918ರಲ್ಲಿ ಗೆಡ್ಡಿಸರ ವರದಿ ಎರಡು ಸಂಪುಟಗಳಲ್ಲಿ ಬಂತು. ಜನ ನೆನೆಯುವುದು ಮೆರವಣಿಗೆಯನ್ನು.

ನಮ್ಮೂರಿನ ಯೋಜನೆಯನ್ನು ಕಚೇರಿಯವರು ಯಾವ ಭಾಷೆಯಲ್ಲೇ ಬರೆಯಲಿ, ಮೊದಲು ನಮ್ಮ ಓಣಿಯಲ್ಲಿ ನಡೆದು ನೋಡಿ ಎಂದು ಕೇಳುವ ಹಕ್ಕು ನಮ್ಮದು. ಕಸ ಹೊರುವವರಿಗೆ ಹಬ್ಬ ಮುಗಿದ ಮೇಲೂ ಮರ್ಯಾದೆ ಕೊಡುವ ಹೊಣೆಯೂ ನಮ್ಮದೇ.