ಫೋಟೋದ ಕಟ್ಟಿಗೆ ಅರಗಿನ ಹೊಳಪು

ಹಬ್ಬದ ಮುಂದ ಅಟ್ಟ ಝಾಡಿಸೂ ಮುಂದ ನಮ್ಮತ್ತಿಯವರ ಫೋಟೋ ಸಿಕ್ತು. ಅವರದು ಇರೂದು ಅದೊಂದ ಫೋಟೋ. ಕಟ್ಟು ಹುಳಾ ಹಿಡದು ಪುಡಿಪುಡಿ ಆಗಿತ್ತು. ಸಾಮಾನು ಬಂದ ಪೆಟಗಿಯ ಪೈನ್ ಹಲಗಿ ಮನ್ಯಾಗ ಇದ್ವು, ಮಗ ಕೊಯ್ದು ಹೊಸಾ ಕಟ್ಟು ಮಾಡಿಕೊಟ್ಟ. ನಾ ಅವಸರಕ್ಕ ಅದಕ್ಕ ತೇಗಿನ ಬಣ್ಣ ಬಳದೆ. ಒಂದ ಕಡೆ ಕರ್ರಗ, ಒಂದ ಕಡೆ ಬೆಳ್ಳಗ, ಮೈತುಂಬ ಕಲಿ! ಗಂಟಿನೊಳಗಿಂದ ಅಂಟು ಬ್ಯಾರೆ ಜಿನುಗ್ತು.

ಓಣಿಯ ಹಿರಿಯ ಬಡಿಗ್ಯಾರು ನೋಡಿ ನಕ್ಕು, "ಪೈನ್ ಎಲ್ಲಾ ಕಡೆ ಒಂದ ಸಮ ಬಣ್ಣ ಕುಡಿಯೂದಿಲ್ರಿ. ಮೊದಲ ಅರಗು ಕುಡಸ್ರಿ" ಅಂದ್ರು.

ಅರಗು ಅಂದ ಕೂಡಲೆ ನಮಗ ಪಾಂಡವರ ಅರಗಿನ ಮನಿ ನೆನಪಾಗ್ತದ. ಬಳಿ, ಚನ್ನಪಟ್ಟಣದ ಗೊಂಬಿ, ಅಂಚೆಯ ಮುದ್ರಿ ಎಲ್ಲಾದಕ್ಕೂ ಇದ ಬೇಕು. ಮುತ್ತಲ, ಬಾರಿ, ಕುಸುಮದ ಗಿಡದ ಟೊಂಗಿಗೆ ಅಂಟಿಕೊಂಡ ಸಣ್ಣ ಹೆಣ್ಣು ಹುಳಾ ತನ್ನನ್ನೂ ತತ್ತಿಗಳನ್ನೂ ಕಾಯಲಿಕ್ಕೆ ಸುತ್ತ ಕಟ್ಟಿಕೊಂಡ ಗೂಡs ಅರಗು. ಒಮ್ಮೆ ಕೂತಳು ಅಂದ್ರ ಅಕಿ ಅಲ್ಲಿಂದ ಏಳೂದಿಲ್ಲ, ಕಾಲೂ ಉಳಿಯೂದಿಲ್ಲ.

ಈಸ್ಟ್ ಇಂಡಿಯಾ ಕಂಪನಿ ಕಾಲದಾಗ ಪರದೇಶಕ್ಕ ಅರಗಿನ ಕೆಂಪು ಬಣ್ಣಾನೂ ಭಾಳ ಹೋಗ್ತಿತ್ತು. 1856ರಾಗ ಇಂಗ್ಲೆಂಡಿನ ಪರ್ಕಿನ್ ಕೃತಕ ಬಣ್ಣ ಕಂಡುಹಿಡದ ಮ್ಯಾಲೆ ಆ ವ್ಯಾಪಾರ ಬರಬರತಾ ಬಿದ್ದುಹೋತು. ಆದ್ರ ಅಂಟಿಗೆ ಗಿರಾಕಿ ಕಡಿಮಿ ಆಗಲಿಲ್ಲ. ಮೇಜು ಕುರ್ಚಿಗೆ ಹಚ್ಚೂ ಫ್ರೆಂಚ್ ಪಾಲಿಶ್ ಅಂದ್ರೂ ಸ್ಪಿರಿಟಿನ್ಯಾಗ ಕರಗಿಸಿದ ಇದs ಅರಗು. ಹಳೇ ಗ್ರಾಮಫೋನ್ ತಟ್ಟಿಗೂ ಇದs ಬೇಕಾಗಿತ್ತು. 1902ರಾಗ ಕಲ್ಕತ್ತಾದಾಗ ಹಾಡಿ ತಟ್ಟಿ ಮಾಡಿಸಿದ ಗೌಹರ್ ಜಾನ್ ಕಡೀಕ ಮೈಸೂರಿಗೆ ಬಂದು 1930ರಾಗ ಅಲ್ಲೇ ತೀರಿಕೊಂಡ್ಲು. ಅರಗಿನ ಅಭ್ಯಾಸಕ್ಕಂತನ 1924ರಾಗ ರಾಂಚಿ ಹತ್ರ ನಾಮ್‌ಕುಮ್‌ದಾಗ ಸಂಸ್ಥೆನೂ ಆತು.

ಇನ್ನ ನನ್ನ ಕಟ್ಟಿನ ಸುದ್ದಿ. ಹಚ್ಚಿದ ಬಣ್ಣ ಉಜ್ಜಿ ತಗದು, 220 ನಂಬರಿನ ಉಸಕಿನ ಕಾಗದದಿಂದ ಕಟಗಿಯ ಎಳಿಗುಂಟ ನುಣ್ಣಗ ಮಾಡಿದೆ. 100 ಮಿ.ಲೀ. ಸ್ಪಿರಿಟಿಗೆ 12 ಗ್ರಾಂ ಅರಗಿನ ಹಳಕು ಹಾಕಿ, ಒಲಿಯಿಂದ ದೂರ ಇಟ್ಟು, ರಾತ್ರಿಯೆಲ್ಲಾ ನೆನಸಿ ಅರಬಿಯೊಳಗ ಸೋಸಿದೆ. ಮೊದಲ ಗಂಟಿಗೆ ಎರಡ ಸಲ, ಆಮ್ಯಾಲೆ ಪೂರ್ತಿ ತೆಳ್ಳಗ ಒಂದ ಕೈ. ಒಣಗಿದ ಮ್ಯಾಲೆ ಹಗುರಕ ಉಜ್ಜಿ ಬಣ್ಣ ಹಚ್ಚಿದ್ರ ಒಂದ ಸಮ ಕೂತ್ತು. ಮ್ಯಾಲೆ ಮತ್ತ ಎರಡ ಕೈ ಅರಗು. ಹಸೀ ಅರಬಿ ಹಚ್ಚಿ ಒರಸಬ್ಯಾಡ್ರಿ, ನೀರು ನಿಂತ್ರ ಬೆಳ್ಳಗಾಗ್ತದ.

ಹಳೇ ಕಟ್ಟಿನ ಹಿಂದಿನ ಹಲಗಿಗೆ ತಾಗಿದಲ್ಲೆಲ್ಲಾ ಫೋಟೋ ಕಂದು ಆಗಿತ್ತು. ಕಟಗಿಯ ಹುಳಿ ಕಾಗದಾ ತಿಂತದ. ಅದಕ್ಕ ಈ ಸಲ ನಡುವ ಆಮ್ಲ ಇಲ್ಲದ ರಟ್ಟು ಇಟ್ಟೆ, ವಾರ ಒಣಗಿಸಿದ ಮ್ಯಾಲೇನ ಫೋಟೋ ಕೂಡಿಸಿದೆ.

ಅತ್ತಿಯವರು ನಡುಮನ್ಯಾಗ ಕೂತಾರ. ನಿಮ್ಮ ಅಟ್ಟದಾಗೂ ಯಾರರೆ ಕಾಯ್ಲಿಕತ್ತಿರಬಹುದು, ಒಮ್ಮೆ ಹತ್ತಿ ನೋಡ್ರಿ.