ಟ್ರಯಥ್ಲಾನ್: ಹೊಸಬರ ಪಾಠಗಳು ಹುಟ್ಟಿದ ಬಗೆ

ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ನಡುವೆ ಗಡಿಯಾರ ನಿಲ್ಲಿಸದೆ ಒಂದರ ಬೆನ್ನಿಗೊಂದರಂತೆ ಮುಗಿಸುವ ಸ್ಪರ್ಧೆ ಟ್ರಯಥ್ಲಾನ್. ಆಧುನಿಕ ಟ್ರಯಥ್ಲಾನ್ ಈ ಹೆಸರು ಹೊತ್ತು ಶುರುವಾದದ್ದು 1974ರ ಸೆಪ್ಟೆಂಬರ್ 25ರ ಬುಧವಾರ ಸಂಜೆ, ಅಮೆರಿಕದ ಸ್ಯಾನ್ ಡಿಯೇಗೊ ನಗರದ ಮಿಷನ್ ಬೇ ಎಂಬ ಹಿನ್ನೀರಿನ ದಂಡೆಯಲ್ಲಿ. ಅಲ್ಲಿನ ಟ್ರ್ಯಾಕ್ ಕ್ಲಬ್ಬಿನ ಜಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹನ್ ಅದನ್ನು ಏರ್ಪಡಿಸಿದ್ದರು. ಬಂದವರು 46 ಮಂದಿ. ಒಟ್ಟು ಸುಮಾರು 6 ಮೈಲಿ ಓಟ, 5 ಮೈಲಿ ಸೈಕಲ್, 500 ಗಜ ಈಜು; ಓಟ ಮೊದಲು, ಈಜು ಕೊನೆಗೆ. ಸೈಕಲ್ಲನ್ನು ಅವರವರೇ ತರಬೇಕು ಎಂದು ಕ್ಲಬ್ ಮೊದಲೇ ತಿಳಿಸಿತ್ತು. ಓಟದ ಒಂದು ಭಾಗ ಹುಲ್ಲು ಮತ್ತು ಮರಳಿನ ಮೇಲೆ ಬರಿಗಾಲಲ್ಲೇ ಸಾಗಿತು. ಸೇರಿದವರಲ್ಲಿ ಹೆಚ್ಚಿನವರು ಓಟಗಾರರಾದ್ದರಿಂದ ನೀರಿಗಿಳಿದ ಮೇಲೆ ಹಲವರು ಹಿಂದೆ ಬಿದ್ದರು. ಅಷ್ಟರಲ್ಲಿ ಕತ್ತಲಾಗಿ, ಕೊನೆಯವರಿಗೆ ದಡ ಕಾಣಲೆಂದು ಕಾರುಗಳ ಹೆಡ್‌ಲೈಟನ್ನು ನೀರಿನ ಕಡೆ ತಿರುಗಿಸಬೇಕಾಯಿತು.

ಆ ಸಂಜೆ ಅಲ್ಲಿದ್ದವರೆಲ್ಲರೂ ಈ ಆಟಕ್ಕೆ ಹೊಸಬರೇ. ಹೀಗೇ ತಯಾರಾಗಿ ಎಂದು ಹೇಳಬಲ್ಲ ಹಳಬರು ಯಾರೂ ಇರಲಿಲ್ಲ. ಇಂದು ಮೊದಲ ಟ್ರಯಥ್ಲಾನ್‌ಗೆ ಹೆಸರು ಕೊಟ್ಟವರಿಗೆ ತರಬೇತುದಾರರು ಹೇಳುವ ಮಾತುಗಳಲ್ಲಿ ಬಹುಪಾಲು ಅಂಥ ಕತ್ತಲಲ್ಲೇ ಒಂದೊಂದಾಗಿ ಕಲಿತಂಥವು. ಯಾರೋ ಒಬ್ಬರು ಬಿದ್ದ ಮೇಲೆ, ಬಳಲಿದ ಮೇಲೆ, ಕೆಲವೊಮ್ಮೆ ಜೀವವನ್ನೇ ಕಳೆದುಕೊಂಡ ಮೇಲೆ ಬಂದ ಮಾತುಗಳವು. ಅವು ಎಲ್ಲಿಂದ ಬಂದವೆಂದು ತಿಳಿದವರು ಅವನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ.

ಮಿಷನ್ ಬೇಯ ಆ ಸಂಜೆಗೂ ಹಿಂದೆ, 1920ರ ದಶಕದಲ್ಲಿ, ಫ್ರಾನ್ಸಿನ ಮಾರ್ನ್ ನದಿಯ ದಡದಲ್ಲಿ ಓಟ, ಸೈಕಲ್, ಈಜು ಮೂರನ್ನೂ ಕೂಡಿಸಿದ ಸ್ಪರ್ಧೆಗಳು ನಡೆದದ್ದುಂಟು. ಆದರೆ ಇಂದಿನ ಆಟ ಬೆಳೆದದ್ದು ಮಿಷನ್ ಬೇಯಿಂದಲೇ.

ಆ 46 ಮಂದಿಯಲ್ಲಿ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ಕೂಡ ಇದ್ದರು. ಮುಂದೆ ಹವಾಯಿಗೆ ವರ್ಗವಾಗಿ ಹೋದ ಕಾಲಿನ್ಸ್, ಅಲ್ಲಿನ ಒವಾಹು ದ್ವೀಪದಲ್ಲಿ ಓಟಗಾರರು, ಈಜುಗಾರರು, ಸೈಕಲ್ ಸವಾರರು ಇವರಲ್ಲಿ ಯಾರು ಹೆಚ್ಚು ಗಟ್ಟಿಗರು ಎಂಬ ವಾದ ಎದ್ದಾಗ ಒಂದು ದಾರಿ ಸೂಚಿಸಿದರು. ದ್ವೀಪದಲ್ಲಿ ಆಗಲೇ ಬೇರೆ ಬೇರೆಯಾಗಿ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನಕ್ಕೆ ಪೋಣಿಸುವುದು: ವೈಕೀಕಿಯ 2.4 ಮೈಲಿ ಸಮುದ್ರದ ಈಜು, ದ್ವೀಪವನ್ನು ಸುತ್ತುವ 115 ಮೈಲಿ ಸೈಕಲ್ ಸವಾರಿ, ಹೊನೊಲುಲು ಮ್ಯಾರಥಾನ್. ಸೈಕಲ್ ದಾರಿಯಿಂದ 3 ಮೈಲಿ ಕಡಿಮೆ ಮಾಡಿದರೆ ಈಜು ಮುಗಿದಲ್ಲಿ ಸವಾರಿ ಶುರುವಾಗಿ, ಸವಾರಿ ಮುಗಿದಲ್ಲಿ ಮ್ಯಾರಥಾನ್ ಶುರುವಾಗುತ್ತದೆ ಎಂದು ಅವರು ಲೆಕ್ಕ ಹಾಕಿದರು. ಮಿಷನ್ ಬೇಯ ಕ್ರಮ ಹೀಗೆ ತಲೆಕೆಳಗಾಯಿತು. ಈ ಕ್ರಮವನ್ನು ಕೊಟ್ಟದ್ದು ದ್ವೀಪದ ನಕ್ಷೆ. ಅದು ನಿಂತದ್ದು ಮಾತ್ರ ಇನ್ನೂ ಬಲವಾದ ಕಾರಣಕ್ಕೆ. ದಣಿದ ದೇಹ ಓಟದಲ್ಲಿ ಸೋತರೆ ರಸ್ತೆಯ ಬದಿಯಲ್ಲಿ ಕೂರಬಹುದು. ನೀರಿನಲ್ಲಿ ಸೋತರೆ ಕೂರಲು ಜಾಗವಿಲ್ಲ. ಅಪಾಯ ಹೆಚ್ಚಿರುವ ಭಾಗವನ್ನು ಮೈಯಲ್ಲಿ ಕಸುವಿರುವಾಗಲೇ ಮುಗಿಸಬೇಕು ಎಂಬ ಈ ವಿವೇಕವೇ ಈಗ ಜಗತ್ತಿನಾದ್ಯಂತ ನಿಯಮ.

1978ರ ಫೆಬ್ರವರಿ 18ರಂದು ನಡೆದ ಆ ಮೊದಲ ‘ಐರನ್‌ಮ್ಯಾನ್’ ಸ್ಪರ್ಧೆಗೆ ಇಳಿದವರು 15 ಮಂದಿ, ಮುಗಿಸಿದವರು 12 ಮಂದಿ. ಗೆದ್ದ ಗಾರ್ಡನ್ ಹ್ಯಾಲರ್ ತೆಗೆದುಕೊಂಡ ಸಮಯ 11 ಗಂಟೆ 46 ನಿಮಿಷ 58 ಸೆಕೆಂಡ್. ದಾರಿಯಲ್ಲಿ ನೀರು, ಊಟದ ವ್ಯವಸ್ಥೆಯನ್ನು ಸಂಘಟಕರು ಮಾಡುತ್ತಿರಲಿಲ್ಲ. ಪ್ರತಿ ಸ್ಪರ್ಧಿಯೂ ತನ್ನದೇ ಸಹಾಯಕರನ್ನು ಕರೆತರಬೇಕಿತ್ತು. ಎರಡನೆಯವರಾಗಿ ಬಂದ ಜಾನ್ ಡನ್‌ಬಾರ್ ಅವರ ಕಡೆಯವರ ಬಳಿ ಓಟದ ನಡುವೆ ನೀರು ಮುಗಿದು, ಕೊನೆಗೆ ಅವರು ಬಿಯರ್ ಕೊಟ್ಟರು. ಹೊಟ್ಟೆಗೆ ಏನು, ಯಾವಾಗ ಎಂಬುದೂ ತರಬೇತಿಯ ಭಾಗವೇ ಎಂದು ಆಗ ಯಾರೂ ಯೋಚಿಸಿರಲಿಲ್ಲ.

ಅದನ್ನು ಲೋಕಕ್ಕೆ ಮರೆಯಲಾಗದಂತೆ ತೋರಿಸಿದವರು ಜೂಲಿ ಮಾಸ್. ಕ್ಯಾಲಿಫೋರ್ನಿಯಾದ ಈ ವಿದ್ಯಾರ್ಥಿನಿ ತನ್ನ ಪದವಿಯ ಅಧ್ಯಯನಕ್ಕೆ ಬೇಕೆಂದು 1982ರ ಫೆಬ್ರವರಿಯ ಐರನ್‌ಮ್ಯಾನ್‌ಗೆ ಹೆಸರು ಕೊಟ್ಟವರು. ಅಷ್ಟರಲ್ಲಿ ಸ್ಪರ್ಧೆಯನ್ನು ಹೊನೊಲುಲುವಿನ ವಾಹನ ದಟ್ಟಣೆಯಿಂದ ತಪ್ಪಿಸಿ, ಕಪ್ಪು ಲಾವಾ ಬಯಲಿನ ನಡುವೆ ಹಾದುಹೋಗುವ ರಸ್ತೆಗಳಿರುವ, ಹವಾಯಿಯದೇ ಇನ್ನೊಂದು ದ್ವೀಪದ ಕೋನಾಕ್ಕೆ ತಂದಾಗಿತ್ತು. ಮಾಸ್ ಮಹಿಳೆಯರಲ್ಲಿ ಮುಂದಿದ್ದರು. ಗುರಿ ಕಣ್ಣೆದುರಿಗೇ ಇರುವಾಗ ದೇಹದಲ್ಲಿದ್ದ ಇಂಧನವೆಲ್ಲ ತೀರಿ ಕಾಲು ಕುಸಿಯಿತು. ಎದ್ದರು, ಮತ್ತೆ ಬಿದ್ದರು. ಹಿಂದೆ ಬರುತ್ತಿದ್ದ ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಿಂದ ದಾಟಿ ಗೆದ್ದರು. ಮಾಸ್ ಅಂಬೆಗಾಲಿಟ್ಟುಕೊಂಡೇ ಗೆರೆ ಮುಟ್ಟಿದರು. ಅಂತರ ಕೇವಲ 29 ಸೆಕೆಂಡ್. ದೂರದರ್ಶನದಲ್ಲಿ ಅದನ್ನು ಕಂಡ ಸಾವಿರಾರು ಮಂದಿಗೆ ತಾವೂ ಒಮ್ಮೆ ಈ ಗೆರೆ ಮುಟ್ಟಬೇಕೆನಿಸಿತು. ಅದೇ ದೃಶ್ಯದಲ್ಲಿ ತರಬೇತುದಾರರು ಕಂಡದ್ದು ಇನ್ನೊಂದು ಪಾಠ. ಗಂಟೆಗಟ್ಟಲೆ ಶ್ರಮಿಸುವ ದೇಹಕ್ಕೆ ಸೈಕಲ್ ಮೇಲಿರುವಾಗಲೇ ಪಿಷ್ಟ, ಸಕ್ಕರೆಯ ಆಹಾರ ಬೀಳುತ್ತಿರಬೇಕು. ಯಾವುದು ಹೊಟ್ಟೆಗೆ ಒಗ್ಗುತ್ತದೆಂದು ಅಭ್ಯಾಸದ ದಿನಗಳಲ್ಲೇ ನೋಡಿಟ್ಟುಕೊಳ್ಳಬೇಕು. ಹಿಂದೆಂದೂ ತಿನ್ನದ್ದನ್ನು ಸ್ಪರ್ಧೆಯ ದಿನ ಬಾಯಿಗೆ ಹಾಕಬಾರದು.

ಅದೇ ವರ್ಷ ಐರನ್‌ಮ್ಯಾನ್ ಎರಡು ಬಾರಿ ನಡೆಯಿತು. ಫೆಬ್ರವರಿಯಲ್ಲಿ ಸ್ಪರ್ಧಿಸಬೇಕಾದರೆ ಚಳಿ ದೇಶಗಳವರು ಹಿಮ ಬೀಳುವ ತಿಂಗಳುಗಳಲ್ಲಿ ತಯಾರಾಗಬೇಕಿತ್ತು. ಅವರಿಗೆ ಬೇಸಿಗೆಯಿಡೀ ಅಭ್ಯಾಸಕ್ಕೆ ಸಿಗಲೆಂದು ಸ್ಪರ್ಧೆಯನ್ನು ಅಕ್ಟೋಬರಿಗೆ ತಂದರು. ಮೊದಲ ಸ್ಪರ್ಧೆಯನ್ನು ಆರಿಸುವಾಗ ದೂರವನ್ನಷ್ಟೇ ನೋಡದೆ, ಅದಕ್ಕೆ ಮುಂಚಿನ ಮೂರು ನಾಲ್ಕು ತಿಂಗಳ ಹವೆಯನ್ನೂ ನೋಡಬೇಕೆಂಬ ಸಲಹೆಯ ಹಿಂದೆ ಇರುವುದೂ ಇದೇ ತರ್ಕ.

ಸಾಮಾನ್ಯ ಜನರಿಗೆ ಬಾಗಿಲು ತೆರೆದದ್ದು ಐರನ್‌ಮ್ಯಾನ್ ಅಲ್ಲ, ಚಿಕ್ಕ ದೂರಗಳು. 1982ರಲ್ಲೇ ಅಮೆರಿಕದಲ್ಲಿ ಊರೂರಿಗೆ ಹೋಗುವ ಟ್ರಯಥ್ಲಾನ್ ಸರಣಿಯೊಂದು ಶುರುವಾಯಿತು. ಅದರಲ್ಲಿ ಕಾಲಕ್ರಮೇಣ ನೆಲೆಗೊಂಡ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟವೇ ಮುಂದೆ ಒಲಿಂಪಿಕ್ ದೂರವಾಯಿತು. 1989ರಲ್ಲಿ ಫ್ರಾನ್ಸಿನ ಅವಿನ್ಯಾನ್‌ನಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. 2000ದಲ್ಲಿ ಸಿಡ್ನಿಯಲ್ಲಿ ಟ್ರಯಥ್ಲಾನ್ ಒಲಿಂಪಿಕ್ಸ್ ಸೇರಿತು. ಒಲಿಂಪಿಕ್ ದೂರದ ಅರ್ಧ, ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ, ‘ಸ್ಪ್ರಿಂಟ್’ ಎನಿಸಿತು. ಮೂರೂ ವಿದ್ಯೆ ಅಷ್ಟಿಷ್ಟು ಬಲ್ಲ ಆರೋಗ್ಯವಂತರು ಮೂರು ತಿಂಗಳ ಅಭ್ಯಾಸದಲ್ಲಿ ಇದಕ್ಕೆ ಸಜ್ಜಾಗಬಹುದು. ಮೊದಲ ಬಾರಿಗೆ ಇದೇ ಸರಿ. ಐರನ್‌ಮ್ಯಾನ್ ಮುಗಿಸಿದರೆ ಮಾತ್ರ ಟ್ರಯಥ್ಲಾನ್ ಮುಗಿಸಿದಂತೆ ಎಂಬ ಭ್ರಮೆ ಅನೇಕರ ಮಂಡಿಯನ್ನೂ ಉತ್ಸಾಹವನ್ನೂ ಕೆಡಿಸಿದೆ.

ಈ ಚಿಕ್ಕ ದೂರಗಳ ಚರಿತ್ರೆಯಲ್ಲಿ ಸ್ಯಾಲಿ ಎಡ್ವರ್ಡ್ಸ್ ಅವರ ಹೆಸರು ಗೌರವದಿಂದ ನೆನೆಯಬೇಕಾದದ್ದು. 1990ರಲ್ಲಿ ಆರಂಭವಾದ ಮಹಿಳೆಯರ ಟ್ರಯಥ್ಲಾನ್ ಸರಣಿಯಲ್ಲಿ, ಸ್ವತಃ ನುರಿತ ಸ್ಪರ್ಧಿಯಾಗಿದ್ದ ಅವರು ಎಲ್ಲರಿಗಿಂತ ಕೊನೆಗೆ ಗೆರೆ ದಾಟುವ ಹೊಣೆಯನ್ನು ತಾವೇ ಹೊತ್ತರು. ಹೊಸಬರನ್ನು ತಡೆಯುವ ದೊಡ್ಡ ಅಳುಕೇ ಕೊನೆಯವರಾಗುವ ಅಳುಕು. ಆ ಸ್ಥಾನ ಮೊದಲೇ ಭರ್ತಿಯಾಗಿದೆ ಎಂದ ಮೇಲೆ ಎಷ್ಟೋ ಹೆಂಗಸರು ಮೊದಲ ಬಾರಿಗೆ ಧೈರ್ಯ ಮಾಡಿದರು.

ತರಬೇತಿಯ ವಿಚಾರದಲ್ಲಿ ಮೊದಲ ತಲೆಮಾರಿನವರು ನಂಬಿದ್ದು ಮೈಲಿಗಳನ್ನು: ಹೆಚ್ಚು ಈಜು, ಹೆಚ್ಚು ತುಳಿ, ಹೆಚ್ಚು ಓಡು, ಎಲ್ಲವನ್ನೂ ವೇಗವಾಗಿ ಮಾಡು. ಈ ನಂಬಿಕೆ ಸಡಿಲಾಗಲು ಐರನ್‌ಮ್ಯಾನ್ ಸ್ಪರ್ಧಿ ಮಾರ್ಕ್ ಅಲೆನ್ ಬಹುಮಟ್ಟಿಗೆ ಕಾರಣ. 1980ರ ದಶಕದಲ್ಲಿ ಅವರು ತರಬೇತುದಾರ ಫಿಲ್ ಮ್ಯಾಫೆಟೋನ್ ಅವರ ಮಾತು ಕೇಳಿ, ಎದೆಗೆ ಕಟ್ಟುವ ಹೃದಯ ಬಡಿತದ ಮಾಪಕ ಧರಿಸಿ, ಬಡಿತ ಒಂದು ಮಿತಿ ದಾಟದಂತೆ ನಿಧಾನವಾಗಿ ಓಡತೊಡಗಿದರು. ಕೋನಾದಲ್ಲಿ ಪ್ರತಿಸ್ಪರ್ಧಿ ಡೇವ್ ಸ್ಕಾಟ್ ಎದುರು ಹಲವು ಬಾರಿ ಸೋತಿದ್ದ ಅಲೆನ್ 1989ರಲ್ಲಿ ಅವರನ್ನು 58 ಸೆಕೆಂಡುಗಳಿಂದ ಮಣಿಸಿದರು; ಒಟ್ಟು ಆರು ಬಾರಿ ಅಲ್ಲಿ ಗೆದ್ದರು. ಹೊಸಬರಿಗೆ ಅದರ ತಿರುಳು ಇಷ್ಟು: ವಾರದ ಅಭ್ಯಾಸದ ಬಹುಪಾಲು ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತಾಡಬಲ್ಲಷ್ಟು ಹಗುರವಾಗಿರಬೇಕು. ವಾರಕ್ಕೆ ಶೇ 10ಕ್ಕಿಂತ ಹೆಚ್ಚು ದೂರ ಏರಿಸಬಾರದೆಂಬ ಜನಪ್ರಿಯ ನಿಯಮಕ್ಕೆ ಮಾತ್ರ ಅಷ್ಟು ಆಧಾರವಿಲ್ಲ. 2008ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಆ ನಿಯಮದಂತೆ ಮೆಲ್ಲಗೆ ಏರಿಸಿದ ಹೊಸ ಓಟಗಾರರಿಗೂ ಉಳಿದವರಿಗೂ ಗಾಯದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಂಖ್ಯೆಗಿಂತ ನೋವಿನ ಮೊದಲ ಸೂಚನೆಗೆ ಬೆಲೆ ಕೊಟ್ಟು ಒಂದೆರಡು ದಿನ ಬಿಡುವುದು ಮೇಲು.

ಮೂರು ಆಟಗಳನ್ನು ಬೇರೆ ಬೇರೆಯಾಗಿ ಕಲಿತರೆ ಸಾಲದು ಎಂಬುದು ಸೈಕಲ್ಲಿನಿಂದ ಇಳಿದ ಮರುಕ್ಷಣವೇ ತಿಳಿಯುತ್ತದೆ. ತಾಸುಗಟ್ಟಲೆ ಪೆಡಲ್ ತುಳಿದ ಕಾಲುಗಳು ಓಟದ ಲಯಕ್ಕೆ ಹೊರಳಲು ಒಪ್ಪುವುದಿಲ್ಲ. ತೊಡೆಗೆ ಕಲ್ಲು ಕಟ್ಟಿದಂತಿರುತ್ತದೆ. ಸವಾರಿ ಮುಗಿಸಿ ಒಡನೆಯೇ ಹತ್ತು ಹದಿನೈದು ನಿಮಿಷ ಓಡುವ ‘ಬ್ರಿಕ್’ ಅಭ್ಯಾಸ ಬಂದದ್ದು ಇದಕ್ಕಾಗಿ. ವಾರಕ್ಕೊಮ್ಮೆ ಮಾಡಿದರೂ ಕೆಲವೇ ವಾರಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಈಜಿನಿಂದ ಸೈಕಲ್ಲಿಗೆ, ಸೈಕಲ್ಲಿನಿಂದ ಓಟಕ್ಕೆ ಬದಲಾಗುವ ಜಾಗವೇ ಟ್ರಾನ್ಸಿಶನ್. ಅಲ್ಲಿ ಕಳೆದ ಸಮಯವೂ ಲೆಕ್ಕಕ್ಕೆ ಬರುತ್ತದೆಯಾದ್ದರಿಂದ ಅದನ್ನು ನಾಲ್ಕನೆಯ ಆಟವೆನ್ನುವುದುಂಟು. ಒಂದು ನಿಯಮ ಮಾತ್ರ ಕಡ್ಡಾಯ: ಸೈಕಲ್ ಮುಟ್ಟುವ ಮೊದಲು ತಲೆಗೆ ಹೆಲ್ಮೆಟ್ ಏರಿ ಪಟ್ಟಿ ಬಿಗಿದಿರಬೇಕು. ಸೈಕಲ್ ಯಾವುದಾದರೂ ನಡೆದೀತು, ಬ್ರೇಕು ಗಟ್ಟಿಯಿದ್ದರಾಯಿತು. ಲಕ್ಷಗಟ್ಟಲೆ ಬೆಲೆಯ ಕಾರ್ಬನ್ ಸೈಕಲ್ಲನ್ನು ಮೊದಲ ಸ್ಪರ್ಧೆಗೇ ಕೊಳ್ಳುವುದಕ್ಕಿಂತ ಆ ಹಣದ ಸಣ್ಣ ಪಾಲನ್ನು ಈಜು ಕಲಿಸುವವರಿಗೆ ಕೊಟ್ಟರೆ ಹೆಚ್ಚು ಉಪಯೋಗ.

ಏಕೆಂದರೆ ಹೊಸಬರಿಗೆ ನಿಜವಾದ ಅಪಾಯವಿರುವುದು ನೀರಿನಲ್ಲಿ. 2006ರಿಂದ 2008ರವರೆಗೆ ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ ಆದ ಸಾವುಗಳನ್ನು ಪರಿಶೀಲಿಸಿದ ವೈದ್ಯರ ವರದಿ 2010ರಲ್ಲಿ ಪ್ರಕಟವಾಯಿತು. ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಸ್ಪರ್ಧಿಗಳಲ್ಲಿ 14 ಮಂದಿ ಸತ್ತಿದ್ದರು. ಅವರಲ್ಲಿ 13 ಮಂದಿ ಸತ್ತದ್ದು ಈಜಿನ ವೇಳೆ. ನೂರಾರು ಜನ ಏಕಕಾಲಕ್ಕೆ ನೀರಿಗೆ ನುಗ್ಗುವಾಗ ಮೈಮೇಲೆ ಬೀಳುವ ಕೈಕಾಲು, ತಣ್ಣೀರು, ಗಾಬರಿ ಎಲ್ಲವೂ ಹೃದಯದ ಮೇಲೆ ಒತ್ತಡ ತರುತ್ತವೆ. 2013ರಿಂದ ಐರನ್‌ಮ್ಯಾನ್ ಸಂಸ್ಥೆ ಹಲವೆಡೆ ಸ್ಪರ್ಧಿಗಳನ್ನು ಸಾಲಾಗಿ, ಸ್ವಲ್ಪಸ್ವಲ್ಪವೇ ನೀರಿಗಿಳಿಸುವ ಕ್ರಮ ತಂದಿತು. ವೈಯಕ್ತಿಕ ಎಚ್ಚರ ಇದಕ್ಕಿಂತ ಮುಂಚಿನದು. ನಲವತ್ತು ದಾಟಿದವರು, ಮನೆತನದಲ್ಲಿ ಹೃದ್ರೋಗ ಇರುವವರು ಹೆಸರು ಕೊಡುವ ಮೊದಲೇ ವೈದ್ಯರನ್ನು ಕಾಣಬೇಕು. ತಳ ಕಾಣದ, ಹಿಡಿಯಲು ಅಂಚಿಲ್ಲದ ನೀರಿನಲ್ಲಿ ಜೊತೆಗಾರರೊಡನೆ ಹಲವು ಬಾರಿ ಈಜಿರಬೇಕು. ಸ್ಪರ್ಧೆಯ ದಿನ ಗುಂಪಿನ ಹಿಂದೆ ಅಥವಾ ಅಂಚಿನಲ್ಲಿ ನಿಲ್ಲಬೇಕು. ಗಾಬರಿಯಾದರೆ ಅಂಗಾತ ತೇಲಿ, ಕೈಯೆತ್ತಿ, ರಕ್ಷಕರ ದೋಣಿಯನ್ನು ಕರೆಯಬೇಕು.

ನೀರು ಕುಡಿಯುವ ಸಲಹೆಯೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಬಾಯಾರುವ ಮೊದಲೇ ಆದಷ್ಟು ಕುಡಿಯಿರಿ ಎಂಬುದು ಒಂದು ಕಾಲದ ಮಂತ್ರ. ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಕುಸಿದು ಜೀವಕ್ಕೇ ಕುತ್ತು ಬರಬಹುದೆಂದು ದಕ್ಷಿಣ ಆಫ್ರಿಕಾದ ವಿಜ್ಞಾನಿ ಟಿಮ್ ನೋಕ್ಸ್ 1985ರಲ್ಲಿ ತೋರಿಸಿದರೂ ಬಹುಕಾಲ ಯಾರೂ ಕಿವಿಗೊಡಲಿಲ್ಲ. ಬಾಸ್ಟನ್ ಮ್ಯಾರಥಾನ್‌ನ 488 ಓಟಗಾರರ ರಕ್ತ ಪರೀಕ್ಷಿಸಿದ ಅಧ್ಯಯನ 2005ರಲ್ಲಿ ಬಂದಾಗ ಶೇ 13 ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಅಲ್ಲಿಂದೀಚೆಗೆ ಮಾತು ಸರಳವಾಗಿದೆ: ಬಾಯಾರಿದಷ್ಟು ಕುಡಿಯಬೇಕು.

ಭಾರತದಲ್ಲಿ ಈ ಆಟಕ್ಕೆ ಮೊದಲು ದಾರಿ ಮಾಡಿದವರಲ್ಲಿ ಬೆಂಗಳೂರಿನ ನಂಟಿರುವ ಅನು ವೈದ್ಯನಾಥನ್ ಒಬ್ಬರು. ಐರನ್‌ಮ್ಯಾನ್‌ಗಿಂತಲೂ ದೀರ್ಘವಾದ, ಮೂರು ದಿನಗಳ ಅಲ್ಟ್ರಾಮ್ಯಾನ್ ಸ್ಪರ್ಧೆಯನ್ನು ಅವರು 2009ರಲ್ಲಿ ಕೆನಡಾದಲ್ಲಿ ಮುಗಿಸಿದರು. ಆಗ ಭಾರತೀಯರು ಇಂಥ ಸ್ಪರ್ಧೆಗೆ ವಿದೇಶಕ್ಕೇ ಹೋಗಬೇಕಿತ್ತು. 2019ರ ಅಕ್ಟೋಬರಿನಲ್ಲಿ ಗೋವಾದ ಮಿರಾಮಾರ್ ಕಡಲ ತೀರದಲ್ಲಿ ಅರ್ಧ ಐರನ್‌ಮ್ಯಾನ್ ನಡೆದ ಮೇಲೆ ಕರ್ನಾಟಕದವರಿಗೆ ಅದು ಒಂದು ರಾತ್ರಿಯ ಪ್ರಯಾಣದಷ್ಟು ಹತ್ತಿರವಾಯಿತು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ.

ಆದರೆ ಇಲ್ಲಿನ ತಯಾರಿಗೆ ಇಲ್ಲಿನದೇ ತೊಡಕುಗಳಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಕೆರಳಿರುತ್ತದೆ. ಕಾರವಾರ, ಪಣಂಬೂರಿನಂಥ ಕಡೆಯೂ ಆಗ ನೀರಿಗಿಳಿಯುವಂತಿಲ್ಲ. ಅಕ್ಟೋಬರ್ ಸ್ಪರ್ಧೆಯ ಈಜು ಅಭ್ಯಾಸವೆಲ್ಲ ಹೀಗೆ ಕೊಳದಲ್ಲೇ ಕಳೆದು, ಕಡಲಿಗೆ ಉಳಿಯುವುದು ಕೊನೆಯ ಕೆಲವೇ ವಾರ. ಒಳನಾಡಿನವರು ಆ ವಾರಗಳಲ್ಲಿ ಒಂದೆರಡು ಬಾರಿಯಾದರೂ ಕರಾವಳಿಗೆ ಹೋಗಿ, ಅಲೆ ಮುರಿಯುವಲ್ಲಿ ಒಳನುಗ್ಗುವುದನ್ನೂ ಆಗಾಗ ತಲೆಯೆತ್ತಿ ತೇಲುಗುರುತು ನೋಡಿ ದಿಕ್ಕು ಹಿಡಿಯುವುದನ್ನೂ ಕಲಿಯಬೇಕು. ಗೋವಾದ ಬೆಚ್ಚಗಿನ ನೀರಿನಲ್ಲಿ ಮೈಗಂಟುವ ರಬ್ಬರ್ ಉಡುಪಾದ ವೆಟ್‌ಸೂಟಿಗೆ ಅವಕಾಶವಿಲ್ಲ, ಆದ್ದರಿಂದ ಅದು ತೇಲಿಸುತ್ತದೆಂಬ ಭರವಸೆಯೂ ಬೇಡ. ಬೆಂಗಳೂರಿನ ತಂಪಿಗೆ ಒಗ್ಗಿದ ಮೈ ಕರಾವಳಿಯ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟು ಮುಂಚೆ ಹೋಗಲಾಗದವರು ಕೊನೆಯ ಎರಡು ವಾರ ಮುಂಜಾನೆಯ ತಂಪು ಬಿಟ್ಟು ಬಿಸಿಲೇರಿದ ಮೇಲೆ ಓಡುತ್ತಾರೆ, ದೂರವನ್ನು ಮಾತ್ರ ಅರ್ಧಕ್ಕೆ ಇಳಿಸಿಕೊಂಡು.